ಪರದೆಯ ಹಿಂದೆ ಆಡಿದ ಮಾತು

ತಿಲಕನಗರ, ಬೆಂಗಳೂರು
2 ಸೆಪ್ಟೆಂಬರ್ 1985

ಶ್ರೀಮತಿ ಸೀತಾಲಕ್ಷ್ಮಿಯವರಿಗೆ ಈಶ್ವರಮ್ಮ ಮಾಡುವ ನಮಸ್ಕಾರ.

ಯಾರಪ್ಪಾ ಈ ಈಶ್ವರಮ್ಮ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕಳೆದ ತಿಂಗಳು ನೀವು ದೆಹಲಿಯ ವಿಮಾನ ಹತ್ತುವಾಗ, ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಹೆಂಗಸರ ತಪಾಸಣೆಯ ಪರದೆಯ ಹಿಂದೆ ನಿಂತಿದ್ದ ಪೊಲೀಸಿನವಳು ನಾನೇ. ನೀವು ಸಾಹೇಬರಿಗೆ ಬರೆದ ದೂರಿನ ನಕಲನ್ನು ನನ್ನ ಕೈಗಿಟ್ಟು, ಸಮಜಾಯಿಷಿ ಬರೆದು ಕೊಡು ಎಂದಿದ್ದಾರೆ. ನಿಮ್ಮ ವಿಳಾಸ ಅದರಲ್ಲೇ ಇತ್ತು. ಹೀಗೆ ನೇರವಾಗಿ ಬರೆಯುವುದು ತಪ್ಪೆಂದು ಗೊತ್ತು. ಬರೆಯದೆ ಇರಲು ಆಗಲಿಲ್ಲ.

ನೀವು ಸುಳ್ಳು ಬರೆದಿದ್ದೀರಿ ಎಂದು ನಾನು ಹೇಳುವುದಿಲ್ಲ. ಸೊಂಟದ ಹತ್ತಿರ ಸೆರಗಿನಲ್ಲಿ ಗಂಟು ಸಿಕ್ಕಿತು, ಬಿಚ್ಚಿ ಎಂದೆ. ‘ಮಡಿಲಕ್ಕಿ ಕಣ್ರೀ, ಅಮ್ಮ ಈಗ್ತಾನೆ ತುಂಬಿದಾರೆ, ಮನೆ ಸೇರೋವರ್ಗೂ ಬಿಚ್ಬಾರ್ದು’ ಎಂದಿರಿ. ನನಗೆ ಗೊತ್ತಿಲ್ಲವೇ? ನಾನು ಬೇಗೂರಿನ ಹೆಣ್ಣು, ನನ್ನ ತಾಯಿಯೂ ಅಕ್ಕಿ, ಕಾಯಿ, ಬೆಲ್ಲ ಮಡಿಲಿಗೆ ತುಂಬಿಯೇ ಗಂಡನ ಮನೆಗೆ ಕಳಿಸಿದ್ದಳು. ಆದರೆ ಜೂನ್‌ನಲ್ಲಿ ಆ ವಿಮಾನ ಬಾಂಬಿಗೆ ಆಕಾಶದಲ್ಲೇ ಸಿಡಿದಾಗಿನಿಂದ ಕಟ್ಟುನಿಟ್ಟು ಎಷ್ಟಿದೆಯೆಂದರೆ ತೆಂಗಿನಕಾಯಿ ಕಂಡರೂ ನಮ್ಮ ಸಾಹೇಬರು ಬಾಂಬು ಎನ್ನುತ್ತಾರೆ. ಅಂದು ಬೆಳಿಗ್ಗೆ ಅವರಿಂದ ಬೈಸಿಕೊಂಡು ಬಂದಿದ್ದೆ. ಆ ಸಿಟ್ಟನ್ನು ನಿಮ್ಮ ಗಂಟಿನ ಮೇಲೆ ತೋರಿಸಿ ಎಳೆದೆ, ಅಕ್ಕಿ ಚೆಲ್ಲಿತು. ಅಷ್ಟು ತಪ್ಪು ನನ್ನದು. ಆಮೇಲೆ ನೆಲದ ಮೇಲೆ ಕೂತು ಆರಿಸಿ ನಾನೇ ಮತ್ತೆ ಕಟ್ಟಿಕೊಟ್ಟೆ. ಅದನ್ನು ನೀವು ಬರೆದಿಲ್ಲ, ಇರಲಿ.

ನನ್ನ ಕಷ್ಟವೇ ಬೇರೆ. ‘ಕಿವಿಯಲ್ಲಿ ಕೇಳಲಾಗದ ಮಾತನ್ನಾಡಿದರು’ ಎಂದು ಬರೆದಿದ್ದೀರಿ. ಯಾವ ಮಾತು? ಸಾಹೇಬರು ಅದನ್ನೇ ಕೇಳುತ್ತಾರೆ, ನಾನು ಬಾಯಿ ಬಾಯಿ ಬಿಡುತ್ತೇನೆ. ನನ್ನ ನಾಲಿಗೆ ಒರಟು, ಒಪ್ಪಿದೆ. ಆದರೆ ಪರದೆಯ ಒಳಗೆ ಬಂದ ಹೆಣ್ಣುಮಕ್ಕಳಿಗೆ ಕೆಟ್ಟ ಮಾತು ಆಡಿದವಳಲ್ಲ. ಯಾವ ಮಾತೆಂದು ತಿಳಿಸಿದರೆ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳುತ್ತೇನೆ.

ಇಂತಿ,
ಈಶ್ವರಮ್ಮ, ಮಹಿಳಾ ಪೊಲೀಸ್ ಪೇದೆ


ಕರೋಲ್ ಬಾಗ್, ನವದೆಹಲಿ
19 ಸೆಪ್ಟೆಂಬರ್ 1985

ಕಾನ್‌ಸ್ಟೇಬಲ್ ಈಶ್ವರಮ್ಮ ಅವರಿಗೆ,

ನಿಮ್ಮ ಪತ್ರ ತಲುಪಿತು. ದೂರು ಕೊಟ್ಟವರಿಗೆ ನೀವು ಖಾಸಗಿಯಾಗಿ ಪತ್ರ ಬರೆದದ್ದು ಸರಿಯಲ್ಲ. ನಿಮ್ಮ ಮೇಲಧಿಕಾರಿಗಳಿಗೆ ತಿಳಿಸಬಹುದಿತ್ತು. ತಿಳಿಸಿಲ್ಲ.

ಪ್ರಯಾಣಿಕರು ಸಾಮಾನಿನ ಮೂಟೆಗಳಲ್ಲ. ಅಂದು ಪರದೆ ಅರ್ಧ ತೆರೆದೇ ಇತ್ತು. ನನ್ನ ಮಡಿಲಿನ ಅಕ್ಕಿ ಹೊರಗೆ ನಿಂತಿದ್ದವರ ಕಾಲಿನವರೆಗೂ ಚೆಲ್ಲಿತು, ಒಬ್ಬಾಕೆ ಅದನ್ನು ತುಳಿದುಕೊಂಡೇ ಮುಂದೆ ಹೋದರು. ದಿನವಿಡೀ ಹೆಂಗಸರ ಮೈ ತಡವುವ ನಿಮಗೆ ಎಲ್ಲ ಮೈಯೂ ಒಂದೇ ಇರಬಹುದು, ನಮಗೆ ಹಾಗಲ್ಲ. ನೀವು ಆಡಿದ ಮಾತನ್ನು ನಾನು ಮತ್ತೆ ಬರೆಯಲಾರೆ. ನೆನಪಿಲ್ಲ ಎನ್ನುತ್ತೀರಲ್ಲ, ಅದೇ ನನಗೆ ಆಶ್ಚರ್ಯ.

ನಮ್ಮ ಯಜಮಾನರು ಕಂಪನಿಯ ಕೆಲಸದ ಮೇಲೆ ಟೂರ್ ಹೋಗಿದ್ದಾರೆ. ಅವರು ಬಂದ ಮೇಲೆ ಕೇಳಿ, ಮುಂದೆ ಏನು ಮಾಡಬೇಕೆಂದು ತೀರ್ಮಾನಿಸುತ್ತೇನೆ.

ಸೀತಾಲಕ್ಷ್ಮಿ

ನಿಮ್ಮ ಅಕ್ಷರ ದುಂಡಗಿದೆ. ಇಲ್ಲಿ ನನಗೆ ಕನ್ನಡದ ಕೈಬರಹ ಕಾಣಸಿಗುವುದು ಅಮ್ಮನ ಪತ್ರದಲ್ಲಿ ಮಾತ್ರ.


ತಿಲಕನಗರ, ಬೆಂಗಳೂರು
28 ಸೆಪ್ಟೆಂಬರ್ 1985

ಸೀತಾಲಕ್ಷ್ಮಮ್ಮನವರಿಗೆ ನಮಸ್ಕಾರ.

ನೀವು ಉತ್ತರ ಬರೆಯುತ್ತೀರೆಂದು ನಾನು ಅಂದುಕೊಂಡೇ ಇರಲಿಲ್ಲ. ಅಂಚೆಯವನು ಇನ್‌ಲ್ಯಾಂಡ್ ಕೊಟ್ಟಾಗ ಪಕ್ಕದ ಮನೆಯ ಅಣ್ಣಮ್ಮ, ‘ಏನೇ ಈಶ್ವರಿ, ಡೆಲ್ಲಿಯಿಂದ ನಿಂಗ್ಯಾರೇ ಬರೆಯೋರು!’ ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗಿದಳು.

ಎಲ್ಲ ಮೈಯೂ ಒಂದೇ ಅಲ್ಲ ಅಮ್ಮ. ಒಬ್ಬ ಅಜ್ಜಿಗೆ ನಾನು ಮುಟ್ಟಿದರೆ ಕಚಗುಳಿ, ನಕ್ಕು ನಕ್ಕು ಅಲ್ಲೇ ಕೂತುಬಿಟ್ಟರು. ಇನ್ನೊಬ್ಬರು ನನ್ನ ಕೈ ತಾಗಿದ ಕಡೆಯೆಲ್ಲ ಕರ್ಚೀಫಿನಿಂದ ಒರೆಸಿಕೊಂಡು ಹೋದರು. ನನ್ನ ಮುಖ ನೋಡುವವರೇ ಕಡಿಮೆ. ನೀವು ನೋಡಿದಿರಿ. ಅದಕ್ಕೇ ಹೋಗುವಾಗ ಒಳ್ಳೆಯ ಮಾತು ಹೇಳಿ ಕಳಿಸೋಣ ಎಂದು, ‘ಮುಂದಿನ್ಸಲ ಕಂಕುಳಲ್ಲೊಂದು ಮಗು ಎತ್ಕೊಂಡ್ ಬನ್ನಿ ಅಮ್ಮಾ, ನಿಮ್ಮನ್ನ ತಡೆಯೋದೇ ಇಲ್ಲ’ ಎಂದೆ. ಸಿಟ್ಟಿನಲ್ಲಿ ನಿಮಗೆ ಅದು ಕೇಳಿಸಲಿಲ್ಲವೋ ಏನೋ. ಅದರ ಹಿಂದೆ ಮುಂದೆ ಏನು ಕೆಟ್ಟದ್ದು ಆಡಿದೆನೋ ದೇವರಾಣೆಗೂ ಗೊತ್ತಿಲ್ಲ.

ನನ್ನ ಸಂಗತಿ ಬಿಚ್ಚಿ ಹೇಳುತ್ತೇನೆ. ನಾನು ನೌಕರಿಗೆ ಸೇರಿದ್ದು ರಾಯಚೂರು ಜಿಲ್ಲೆಯಲ್ಲಿ. ನಮ್ಮ ಚಿನ್ನಪ್ಪ, ನನ್ನ ಗಂಡ, ತೀರಿಕೊಂಡ ಮೇಲೆ ಯಾರ್ಯಾರದೋ ಕಾಲು ಹಿಡಿದು ನಿಯೋಜನೆಯ ಮೇಲೆ ಇಲ್ಲಿಗೆ ಬಂದೆ. ಮಗಳು ಜಯದೇವಿ ಜಯನಗರದ ಶಾಲೆಯಲ್ಲಿ ಮೂರನೇ ಕ್ಲಾಸು. ಎರಡು ಬಸ್ಸು ಬದಲಾಯಿಸಿ ನಾನು ಮನೆ ಸೇರುವವರೆಗೆ ಅಣ್ಣಮ್ಮ ನೋಡಿಕೊಳ್ಳುತ್ತಾಳೆ. ದೂರು ಹಾಗೇ ಉಳಿದರೆ ನಿಯೋಜನೆ ರದ್ದು, ನಾನು ಮತ್ತೆ ರಾಯಚೂರಿಗೆ. ಅಲ್ಲಿ ಹಗಲು ರಾತ್ರಿ ಪಾಳಿ, ಮಗುವನ್ನು ನೋಡುವವರು ಯಾರೂ ಇಲ್ಲ. ಬೇಗೂರಿನಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟು ಹೋಗಬೇಕು. ನನಗೆ ಇರುವವಳು ಅವಳೊಬ್ಬಳೇ.

‘ದೂರು ಮುಂದುವರಿಸುವ ಇಚ್ಛೆಯಿಲ್ಲ’ ಎಂದು ನೀವು ಎರಡು ಸಾಲು ಬರೆದರೆ ಸಾಕು ಎಂದು ಇನ್‌ಸ್ಪೆಕ್ಟರ್ ಗೌರೀಶಂಕರ ಅವರೇ ಹೇಳಿದ್ದಾರೆ. ನಿಮ್ಮ ಯಜಮಾನರು ಟೂರಿನಿಂದ ಬಂದ ಮೇಲೆ ನನ್ನ ಪರವಾಗಿ ಒಂದು ಮಾತು ಹೇಳಿ.

ಈಶ್ವರಮ್ಮ


ನವದೆಹಲಿ
20 ಅಕ್ಟೋಬರ್ 1985

ಈಶ್ವರಮ್ಮನವರಿಗೆ,

ಕಚಗುಳಿಯ ಅಜ್ಜಿಯ ಕಥೆ ಓದಿ ಒಬ್ಬಳೇ ನಕ್ಕೆ. ನನ್ನ ನಗು ನನಗೇ ವಿಚಿತ್ರವಾಗಿ ಕೇಳಿಸಿತು. ಇನ್ನೂ ಇಂಥವು ಇದ್ದರೆ ಬರೆಯಿರಿ.

ನಿಮ್ಮ ಮಗಳ ವಿಷಯ ನನಗೆ ಗೊತ್ತಿರಲಿಲ್ಲ. ಯಜಮಾನರು ಇನ್ನೂ ಟೂರಿನಲ್ಲೇ ಇದ್ದಾರೆ. ಅವರನ್ನು ಕೇಳಬೇಕಾದ ಅಗತ್ಯವೇನೂ ಇಲ್ಲ, ಈ ವಾರದಲ್ಲಿ ನಾನೇ ಬರೆದು ಹಾಕುತ್ತೇನೆ.

ಒಂದು ಉಪಕಾರ ಮಾಡುತ್ತೀರಾ? ನಮ್ಮ ತಾಯಿ ಸರಸ್ವತಮ್ಮ ಇರುವುದು ನಿಮಗೆ ಹತ್ತಿರದಲ್ಲೇ, ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದಿನ ರಸ್ತೆಯಲ್ಲಿ, ಅಣ್ಣ ಸೇತುರಾಮನ ಮನೆಯಲ್ಲಿ. ಅಮ್ಮನ ಮೊಣಕಾಲು ಹೇಗಿದೆ ಎಂದು ಕೇಳಿದರೆ ಅಣ್ಣ ‘ಎಲ್ಲ ಸರಿಯಾಗಿದೆ’ ಎಂದಷ್ಟೇ ಬರೆಯುತ್ತಾನೆ. ನೀವು ಒಮ್ಮೆ ಹೋಗಿ ನೋಡಿ ಬನ್ನಿ. ನನ್ನ ಪರಿಚಯದವರು ಎಂದರೆ ಸಾಕು, ದೂರಿನ ವಿಷಯ ಎತ್ತಬೇಡಿ. ಅಮ್ಮ ಯಾವ ಸೀರೆ ಉಟ್ಟಿದ್ದರು, ಅಡುಗೆ ಏನು ಮಾಡಿದ್ದರು, ಎಲ್ಲ ಬರೆಯಿರಿ.

ಸೀತಾಲಕ್ಷ್ಮಿ


ತಿಲಕನಗರ
4 ನವೆಂಬರ್ 1985

ಸೀತಮ್ಮನವರಿಗೆ,

ಅಕ್ಟೋಬರ್ ಇಪ್ಪತ್ತೇಳರ ಭಾನುವಾರ ಜಯದೇವಿಯನ್ನೂ ಕರೆದುಕೊಂಡು ಹೋಗಿದ್ದೆ. ಖಾಕಿಯಲ್ಲಿ ಹೋದರೆ ಬೀದಿಯವರು ಏನೆಂದುಕೊಂಡಾರು ಎಂದು ನನ್ನ ಹಸಿರು ಸೀರೆ ಉಟ್ಟಿದ್ದೆ. ನಿಮ್ಮ ತಾಯಿ ಬೂದು ಬಣ್ಣದ ನೂಲಿನ ಸೀರೆಯಲ್ಲಿದ್ದರು. ಮೊಣಕಾಲಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಕೂತಿದ್ದರು, ನಡೆಯುವಾಗ ಗೋಡೆ ಹಿಡಿಯುತ್ತಾರೆ, ಆದರೆ ಅಷ್ಟೇನೂ ಹೆದರಬೇಕಾಗಿಲ್ಲ. ಬದನೆಕಾಯಿ ಹುಳಿ, ಹೆಸರುಬೇಳೆ ಕೋಸಂಬರಿ. ಮೊದಲು ವರಾಂಡದಲ್ಲೇ ಕೂರಿಸಿದರು, ನಿಮ್ಮ ಹೆಸರು ಹೇಳಿದ ಮೇಲೆ ನಡುಮನೆಗೆ ಕರೆದು ಎಲೆ ಹಾಕಿ ಬಡಿಸಿದರು. ಜಯದೇವಿಗೆ ತಲೆ ಬಾಚಿ ಜಡೆ ಹಾಕಿದರು. ಅವಳು ಮೂರು ದಿನ ಆ ಜಡೆ ಬಿಚ್ಚಲು ಬಿಡಲಿಲ್ಲ.

ನಿಮ್ಮ ಅಣ್ಣ, ಅತ್ತಿಗೆ ಹೊರಗೆ ಹೋಗಿದ್ದರು. ನಾವಿಬ್ಬರೇ ತುಂಬ ಹೊತ್ತು ಮಾತಾಡಿದೆವು.

ನಾನು ಯಾವ ಕೆಟ್ಟ ಮಾತು ಆಡಿದೆ ಎಂದು ಇನ್ನು ಮೇಲೆ ನಿಮ್ಮನ್ನು ಕೇಳುವುದಿಲ್ಲ. ನೀವು ದೂರಿನ ಬಗ್ಗೆ ಆ ಎರಡು ಸಾಲು ಕಳಿಸಿದಿರಾ? ವಿಚಾರಣೆ ಡಿಸೆಂಬರ್ ಹತ್ತಕ್ಕೆ ಎಂದು ಗೊತ್ತಾಗಿದೆ.

ಈಶ್ವರಮ್ಮ


ನವದೆಹಲಿ
30 ನವೆಂಬರ್ 1985

ಈಶ್ವರಮ್ಮಾ,

ಆ ಬೂದು ಸೀರೆ ನಾನು ಕೊಡಿಸಿದ್ದು. ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಅಮ್ಮ ನನ್ನ ಬಗ್ಗೆ ಏನಾದರೂ ಹೇಳಿದರೇ? ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಅವರಿಗೆ ತುಂಬ ಹೆಮ್ಮೆ. ಮುಂದಿನ ಸಲ ಹೋದಾಗ, ನಮ್ಮ ಯಜಮಾನರಿಗೆ ಪ್ರಮೋಷನ್ ಆಗುವುದರಲ್ಲಿದೆ, ಅದಕ್ಕೇ ಇಷ್ಟೊಂದು ಟೂರು ಎಂದು ಹೇಳಿ.

ನಾನು ವಿಮಾನದಲ್ಲೇ ಯಾಕೆ ಓಡಾಡುತ್ತೇನೆ ಎಂದು ನಿಮಗೆ ಅನ್ನಿಸಿರಬಹುದು, ದುಡ್ಡಿನ ಜಂಬ ಎಂದು. ರೈಲಿನಲ್ಲಾದರೆ ಎರಡು ದಿನ ಎದುರಿನ ಸೀಟಿನವರು ‘ನಿಮ್ಮೋರು ಎಲ್ಲಿದಾರೆ, ಮಕ್ಕಳೆಷ್ಟು’ ಎಂದು ಶುರು ಮಾಡುತ್ತಾರೆ. ವಿಮಾನದಲ್ಲಿ ಯಾರೂ ಏನೂ ಕೇಳುವುದಿಲ್ಲ. ನಿಮ್ಮ ಪರದೆ ದಾಟಿದರೆ ಆಯಿತು.

ಆ ಎರಡು ಸಾಲು ಕಳಿಸಿದ್ದೇನೆ. ಚಿಂತೆ ಬಿಡಿ. ಜಯದೇವಿ ಓದಿನಲ್ಲಿ ಹೇಗೆ? ಗಣಿತ ಕಷ್ಟವೇ? ಬೇಗ ಬರೆಯಿರಿ.

ಸೀತಾ


ತಿಲಕನಗರ
18 ಡಿಸೆಂಬರ್ 1985

ಸೀತಮ್ಮಾ,

ಹತ್ತನೇ ತಾರೀಕು ವಿಚಾರಣೆ ಆಯಿತು. ನಾಲ್ಕು ಜನ ಗಂಡಸರು ಮೇಜಿನ ಆ ಕಡೆ, ನಾನು ಈ ಕಡೆ. ‘ಏನಮ್ಮಾ, ಪ್ಯಾಸೆಂಜರ್‌ಗೆ ಏನ್ ಬೈದೆ?’ ಎಂದರು. ನಿಮ್ಮ ಪತ್ರ ಬಂದಿರಬೇಕಲ್ಲ ಎಂದೆ. ಫೈಲು ತಿರುವಿ ಹಾಕಿದರು, ಇಲ್ಲ. ಅಂಚೆಯಲ್ಲಿ ಎಲ್ಲೋ ತಡವಾಗಿರಬೇಕು ಎಂದೆ. ಗೌರೀಶಂಕರ ಅವರು, ‘ದೂರು ಐದು ದಿನಕ್ಕೆ ಬಂತಲ್ಲಮ್ಮ’ ಎಂದು ನಕ್ಕರು. ಆದರೂ ಒಳ್ಳೆಯವರು, ಇನ್ನೂ ನಲವತ್ತು ದಿನ ಕಾಯೋಣ ಎಂದು ಸಾಹೇಬರನ್ನು ಒಪ್ಪಿಸಿದ್ದಾರೆ.

ಇನ್ನೊಂದು ಸಲ ಕಳಿಸಿ. ದಯವಿಟ್ಟು ರಿಜಿಸ್ಟರ್ ಮಾಡಿ. ಜನವರಿ ಇಪ್ಪತ್ತರೊಳಗೆ ಬಂದರೆ ನಾನು ಇಲ್ಲೇ ಉಳಿಯುತ್ತೇನೆ. ಜಯದೇವಿಗೆ ನಾನಿನ್ನೂ ಏನೂ ಹೇಳಿಲ್ಲ. ಅವಳಿಗೆ ಗಣಿತ ಬರುತ್ತದೆ, ಕಾಗುಣಿತದಲ್ಲಿ ದಡ್ಡಿ.

ನಿಮ್ಮ ತಾಯಿಯ ಹತ್ತಿರ ಮತ್ತೆ ಹೋಗಿದ್ದೆ, ಚೆನ್ನಾಗಿದ್ದಾರೆ.

ಈಶ್ವರಮ್ಮ


ನವದೆಹಲಿ
15 ಜನವರಿ 1986

ಪ್ರೀತಿಯ ಈಶ್ವರಮ್ಮಾ,

ನಿನ್ನೆ ಸಂಕ್ರಾಂತಿ. ಈ ಚಳಿಯಲ್ಲಿ ಬೆರಳು ಮರಗಟ್ಟಿದರೂ ಕೊಬ್ಬರಿ, ಬೆಲ್ಲ ಹೆಚ್ಚಿ ಎಳ್ಳು ಬೆರೆಸಿದೆ. ಬೀರಲು ಯಾರ ಮನೆಗೆ ಹೋಗಲಿ? ಮೇಲಿನ ಮನೆಯ ಪಂಜಾಬಿ ಹೆಂಗಸಿಗೆ ಒಂದು ಬಟ್ಟಲು ಕೊಟ್ಟೆ. ಅವರು ಹಕ್ಕಿಗೆ ಹಾಕುವ ಕಾಳು ಎಂದುಕೊಂಡು ತಾರಸಿಯ ಮೇಲೆ ಚೆಲ್ಲಿದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಉಳಿದದ್ದನ್ನು ನಿನ್ನೆಯಿಂದ ನಾನೇ ತಿನ್ನುತ್ತಿದ್ದೇನೆ. ನೀವಿದ್ದಿದ್ದರೆ ಇದನ್ನು ಎಷ್ಟು ಚೆನ್ನಾಗಿ ಹೇಳಿ ನಗಿಸುತ್ತಿದ್ದಿರಿ!

ಜಯದೇವಿಗೆ ದಿನಕ್ಕೊಂದು ಪುಟ ಕಾಪಿ ಬರೆಸಿ, ಕಾಗುಣಿತ ತಾನಾಗಿ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಹೊಸ ಕಥೆ ಏನು? ಮಂಜು ಬಿದ್ದು ಇಲ್ಲಿಂದ ಹೊರಡುವ ವಿಮಾನಗಳೆಲ್ಲ ತಡವಂತೆ, ನಿಮಗೆ ಮನೆ ಸೇರುವುದು ಹೊತ್ತಾಗುತ್ತಿರಬೇಕು. ಅಮ್ಮನಿಗೆ ಎಳ್ಳು ಕೊಟ್ಟಿರಾ?

ಆ ಪತ್ರವನ್ನು ಮತ್ತೆ ಕಳಿಸುತ್ತೇನೆ.

ನಿಮ್ಮ ಸೀತಾ


ನವದೆಹಲಿ
24 ಫೆಬ್ರವರಿ 1986

ಈಶ್ವರಮ್ಮಾ,

ನಿಮ್ಮಿಂದ ಉತ್ತರವಿಲ್ಲ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಮೆಟ್ಟಿಲಿಳಿದು ಹೋಗುತ್ತೇನೆ, ಅವನು ಈಗ ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸಿ ‘ಇಲ್ಲ’ ಎನ್ನುತ್ತಾನೆ.

ನಿಜ ಹೇಳಿಬಿಡುತ್ತೇನೆ. ಆ ಎರಡು ಸಾಲನ್ನು ಅಕ್ಟೋಬರ್‌ನಲ್ಲೇ ಬರೆದು ಲಕೋಟೆಗೆ ಹಾಕಿದ್ದೆ. ಅಂಟು ಹಾಕಿ, ಸ್ಟಾಂಪು ಹಚ್ಚಿ ಮೇಜಿನ ಮೇಲಿಟ್ಟಿದ್ದೆ. ಅದು ಹೋದರೆ ನಿಮಗೆ ನನ್ನಿಂದ ಆಗಬೇಕಾದದ್ದು ಏನೂ ಇರುವುದಿಲ್ಲ, ಆಮೇಲೆ ನೀವು ಯಾಕೆ ನನಗೆ ಬರೆಯುತ್ತೀರಿ? ನಾಳೆ ಹಾಕೋಣ, ಇನ್ನೊಂದು ಪತ್ರ ಬರಲಿ ಎಂದುಕೊಳ್ಳುತ್ತಲೇ ಇದ್ದೆ. ಈ ಮನೆಯಲ್ಲಿ ನನ್ನ ಜೊತೆ ಯಾರೂ ಇಲ್ಲ, ಟೂರು ಗೀರು ಏನೂ ಇಲ್ಲ. ಅವರು ಬೊಂಬಾಯಿಯಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾರೆ.

ಇವತ್ತು ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ತಡವಾಗಿಲ್ಲ ಎಂದು ಒಂದು ಸಾಲು ಬರೆಯಿರಿ.

ಸೀತಾ


ರಾಯಚೂರು
30 ಮಾರ್ಚ್ 1986

ಸೀತಾಲಕ್ಷ್ಮಿಯವರಿಗೆ,

ನಿಮ್ಮ ಪತ್ರವನ್ನು ಅಣ್ಣಮ್ಮ ಇಲ್ಲಿಗೆ ತಿರುಗಿಸಿ ಕಳಿಸಿದಳು. ಜನವರಿ ಇಪ್ಪತ್ತೆಂಟಕ್ಕೆ ನನಗೆ ಆರ್ಡರ್ ಆಯಿತು. ಮಗುವನ್ನು ಬೇಗೂರಿನಲ್ಲಿ ಬಿಟ್ಟು ಬಂದೆ. ಬಸ್ಸು ಹತ್ತುವಾಗ ಅವಳು ಅಳಲಿಲ್ಲ, ನನ್ನ ಬೆಲ್ಟು ಹಿಡಿದುಕೊಂಡಳು, ನಮ್ಮಮ್ಮ ಬೆರಳು ಬಿಡಿಸಬೇಕಾಯಿತು. ಇಲ್ಲಿ ಬಿಸಿಲಿಗೆ ತಲೆ ಸಿಡಿಯುತ್ತದೆ. ಪಾಳಿ ಮುಗಿಸಿ ಬಂದರೆ ಬೀಗ ಹಾಕಿದ ಕೋಣೆ.

ನಾನು ಯಾವ ಮಾತಿಗೆ ಸಿಕ್ಕಿಬಿದ್ದೆ ಎಂದು ನವೆಂಬರ್‌ನಲ್ಲೇ ತಿಳಿಯಿತು. ನಿಮ್ಮ ತಾಯಿ ಜಯದೇವಿಗೆ ಜಡೆ ಹಾಕುತ್ತಾ ಹೇಳಿದರು: ‘ಅಳಿಯಂದಿರು ಬಿಟ್ಟು ಹೋಗಿ ಮೂರು ವರ್ಷ ಆಯ್ತಮ್ಮ. ಅವ್ಳು ಹೇಳಲ್ಲ, ನಾನು ಕೇಳಲ್ಲ. ಮಡಿಲು ತುಂಬಿ ಕಳಿಸ್ತೀನಿ, ಏನ್ಮಾಡ್ಲಿ.’ ನಿಮ್ಮ ಹೆಮ್ಮೆಯ ತಾಯಿಗೆ ಎಲ್ಲ ಗೊತ್ತಿದೆ. ಮಗು ಎತ್ತಿಕೊಂಡು ಬನ್ನಿ ಎಂದು ನಾನು ಹರಸಿದ್ದೇ ನಿಮಗೆ ಬೈಗುಳವಾಗಿತ್ತು. ಪಾಪ ಎನ್ನಿಸಿತು. ನಿಮಗೆ ಇದನ್ನು ಬರೆದು ನೋಯಿಸುವುದು ಬೇಡ ಎಂದುಕೊಂಡೆ.

ವಿಚಾರಣೆಯಲ್ಲಿ ಏನು ಬೈದೆ ಎಂದು ಕೇಳಿದಾಗ ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಹೆಂಗಸಿನ ಗಂಡ ಬಿಟ್ಟಿದ್ದಾನೆ, ನನ್ನ ಒಳ್ಳೆಯ ಮಾತು ಅವರಿಗೆ ಚುಚ್ಚಿತು ಎಂದರೆ ಆ ನಾಲ್ವರೂ ನಕ್ಕು ಫೈಲು ಮುಚ್ಚುತ್ತಿದ್ದರು. ನಿಮ್ಮ ಮನೆಯ ಮಾತನ್ನು ಅವರ ನಗುವಿಗೆ ಹಾಕಲು ಬಾಯಿ ಬರಲಿಲ್ಲ. ದೊಡ್ಡ ಮನಸ್ಸಿನವಳು ಎಂದುಕೊಳ್ಳಬೇಡಿ. ನೀವು ಪತ್ರ ಕಳಿಸಿದ್ದೀರಿ ಎಂದು ನಂಬಿ ಸುಮ್ಮನಿದ್ದೆ. ಕಳಿಸಿಲ್ಲ ಎಂದು ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ. ಈಗ ದಿನಾ ನನ್ನನ್ನೇ ಬೈದುಕೊಳ್ಳುತ್ತೇನೆ.

ಒಬ್ಬಳೇ ಇರುವುದು ಎಂದರೇನು ಎಂದು ನನಗೆ ಹೇಳಬೇಕೇ? ಅಂಚೆಯವನು ಬಂದರೆ ನಾನೂ ಎದ್ದು ನಿಲ್ಲುತ್ತಿದ್ದೆ. ಕೆಲಸ ಆದ ಮೇಲೂ ಬರೆಯುತ್ತಿದ್ದೆ ತಾಯೀ. ನೀವು ಕೇಳಲೇ ಇಲ್ಲ.

ಇನ್ನು ಬರೆಯಬೇಡಿ.

ಈಶ್ವರಮ್ಮ


ಜಯನಗರ ನಾಲ್ಕನೇ ಬ್ಲಾಕ್, ಬೆಂಗಳೂರು
25 ಮೇ 1986

ಈಶ್ವರಮ್ಮಾ,

ಬರೆಯಬೇಡಿ ಎಂದಿರಿ. ಇದೊಂದನ್ನು ನೀವು ತಿಳಿದಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಉತ್ತರ ಕೇಳುವುದಿಲ್ಲ.

ದೆಹಲಿಯ ಮನೆ ಖಾಲಿ ಮಾಡಿ ರೈಲಿನಲ್ಲಿ ಬಂದೆ. ಎದುರಿನ ಸೀಟಿನಾಕೆ ಕೇಳಿದರು, ಗಂಡ ಬಿಟ್ಟಿದ್ದಾರೆ ಎಂದೆ. ಅವರು ಅವಲಕ್ಕಿ ಡಬ್ಬಿ ನನ್ನ ಕಡೆ ತಳ್ಳಿ ತಮ್ಮ ಸೊಸೆಯ ಜಗಳ ಹೇಳಲು ಶುರು ಮಾಡಿದರು. ಅಷ್ಟೇ ಆದದ್ದು. ಮನೆಗೆ ಬಂದರೆ ಅಮ್ಮ ಏನೂ ಕೇಳದೆ ತಮ್ಮ ಪಕ್ಕದಲ್ಲಿ ನನಗೆ ಹಾಸಿಗೆ ಹಾಸಿದರು. ಅತ್ತಿಗೆಯ ಮುಖ ಸ್ವಲ್ಪ ಬಿಗಿದುಕೊಂಡಿದೆ.

ಗೌರೀಶಂಕರ ಅವರನ್ನು ಕಂಡು, ನೀವು ಆಡಿದ ಮಾತು ಏನು, ನನಗೆ ಯಾಕೆ ಚುಚ್ಚಿತು ಎಂದು ಮೇಜಿನ ಮುಂದೆ ನಿಂತು ಹೇಳಿದೆ. ಯಾರೂ ನಗಲಿಲ್ಲ. ‘ಮೇಡಂ, ಫೈಲ್ ಕ್ಲೋಸ್ ಆಗೋಗಿದೆ. ಡಿಸೆಂಬರ್‌ನಲ್ಲಿ ಬಂದಿದ್ರೆ ಒಂದ್ನಿಮಿಷದ ಕೆಲ್ಸ. ಈಗ ಮೇಲಿನವರಿಗೆ ಅರ್ಜಿ ಹಾಕಿ, ನೋಡೋಣ’ ಎಂದರು. ಹಾಕಿದ್ದೇನೆ. ವರ್ಷವಾಗಬಹುದಂತೆ, ಆಗದೆಯೂ ಇರಬಹುದಂತೆ.

ಮೊನ್ನೆ ಅಣ್ಣಮ್ಮನ ಹತ್ತಿರ ಮನೆಯ ಗುರುತು ಕೇಳಿಕೊಂಡು ಬೇಗೂರಿಗೆ ಹೋಗಿದ್ದೆ. ನಿಮ್ಮ ತಾಯಿ ಚಾಪೆ ಹಾಕಿ ಕೂರಿಸಿದರು, ಯಾರು ಎಂದು ಕೇಳಿದರು, ಹೆಸರು ಹೇಳಿದೆ. ಜಯದೇವಿ ಬಾಗಿಲಲ್ಲಿ ನಿಂತಿದ್ದಳು. ಎತ್ತರವಾಗಿದ್ದಾಳೆ ಎಂದು ನಿಮ್ಮ ತಾಯಿ ಆಮೇಲೆ ಹೇಳಿದರು.

‘ನಮ್ಮಮ್ಮನ ಮೇಲೆ ಕಂಪ್ಲೇಂಟ್ ಬರೆದೋರು ನೀವೇನಾ ಆಂಟಿ?’ ಎಂದಳು.

‘ಹೂಂ ಪುಟ್ಟಿ’ ಎಂದೆ.

ಅಜ್ಜಿ ಗದರಿದರು. ಅವಳು ಕದಲದೆ ನನ್ನನ್ನೇ ನೋಡಿದಳು. ಬೈಯುತ್ತಾಳೆ, ಬಾಗಿಲು ಹಾಕಿಕೊಂಡು ಹೋಗುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಿ ಒಂದು ಹಾಳೆ, ಪೆನ್ಸಿಲ್ಲು ತಂದು ನನ್ನ ಮುಂದಿಟ್ಟಳು.

‘ಅದೇ ತರ ಇನ್ನೊಂದು ಬರೀರಿ. ಅಮ್ಮನ್ನ ವಾಪಸ್ ಕಳ್ಸಿ ಅಂತ. ನೀವು ಬರೆದ್ರೆ ಅವ್ರು ಕೇಳ್ತಾರೆ.’

ಬರೆದಾಗಿದೆ, ಆಗುವುದು ಅನುಮಾನ ಎಂದು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ಬರೆದೆ. ಅವಳು ಪಕ್ಕದಲ್ಲಿ ಕೂತು ಪ್ರತಿ ಸಾಲನ್ನೂ ಕಾಗುಣಿತ ತಡವರಿಸುತ್ತಾ ಜೋರಾಗಿ ಓದಿದಳು. ಅಂಗಡಿಯಿಂದ ಲಕೋಟೆ ತಂದು, ಮಡಚಿ ಹಾಕಿ, ವಿಳಾಸ ಬರೆದೆವು. ದಾರಿಯಲ್ಲಿ ಬಸ್‌ಸ್ಟಾಪಿನ ಹತ್ತಿರ ಅಂಚೆ ಡಬ್ಬಿ ಇದೆ, ಹೋಗುವಾಗ ಹಾಕುತ್ತೇನೆ ಕೊಡು ಎಂದು ಕೈ ಚಾಚಿದೆ.

ಅವಳು ಕೊಡಲಿಲ್ಲ. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ನಾನೇ ಹಾಕ್ತೀನಿ’ ಎಂದು ಕೆರೆ ಏರಿಯ ಮೇಲೆ ನನಗಿಂತ ಮುಂದೆ ನಡೆದಳು.

ಸೀತಾಲಕ್ಷ್ಮಿ